ಹೊಸತೊಡಕಿನ ರಜೆ

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಯುಗಾದಿ ಕೆಂಪಗಿರುತ್ತದೆ, ಅದರ ಮರುದಿನ ಕಪ್ಪು. ಮಂಡ್ಯ ಸೀಮೆಯವರಿಗೆ ಈ ಬಣ್ಣದ ಹಂಚಿಕೆ ಸ್ವಲ್ಪ ತಿರುಗುಮುರುಗಾಗಿಯೇ ಕಾಣುತ್ತದೆ. ಯುಗಾದಿಯ ದಿನ ಎಣ್ಣೆಸ್ನಾನ, ಬೇವುಬೆಲ್ಲ, ಒಬ್ಬಟ್ಟು, ಹೊಲಕ್ಕೆ ಹೋಗಿ ಹೊನ್ನಾರು ಕಟ್ಟುವುದು ಎಲ್ಲ ಇದ್ದದ್ದೇ. ಆದರೆ ಊರು ತುಂಬುವುದು ಮಾರನೆಯ ದಿನ, ಹೊಸತೊಡಕಿಗೆ. ವರ್ಷವಿಡೀ ಚೀಟಿ ಕಟ್ಟಿದವರು ಅವತ್ತು ಬೆಳಗಿನ ಜಾವಕ್ಕೇ ಗುಡ್ಡೆ ಬಾಡು ಹಂಚಿಕೊಳ್ಳುತ್ತಾರೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮುನಿಸಿಕೊಂಡ ದಾಯಾದಿಗಳು ಕೂಡ ಒಂದು ಹೊತ್ತಿನ ಮಟ್ಟಿಗೆ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಸರ್ಕಾರದ ರಜಾಪಟ್ಟಿಯಲ್ಲಿ ಮಾತ್ರ ಆ ದಿನಕ್ಕೆ ಹೆಸರಿಲ್ಲ.

2024ರಲ್ಲಿ ಯುಗಾದಿ ಏಪ್ರಿಲ್ 9ರ ಮಂಗಳವಾರ ಬಂತು. ಗುರುವಾರ ರಂಜಾನ್. ಎರಡು ಕೆಂಪು ದಿನಗಳ ನಡುವೆ ಹೊಸತೊಡಕಿನ ಬುಧವಾರ ಕಪ್ಪಗೆ ಕೂತಿತ್ತು. ಮರುವರ್ಷ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ, ಭಾನುವಾರ. ಹಬ್ಬದ ರಜೆಯನ್ನು ವಾರದ ರಜೆಯೇ ನುಂಗಿತು. ಆದರೆ ಮಾರನೆಯ ಸೋಮವಾರ ರಂಜಾನ್ ಇದ್ದುದರಿಂದ ಮುಸ್ಲಿಮರ ಹಬ್ಬದ ರಜೆ ನಮ್ಮ ಹಳ್ಳಿಗಳ ಹೊಸತೊಡಕಿಗೂ ಒದಗಿಬಂತು. ಸೋಮವಾರ ಬಾಡು ಬೇಯಿಸದ ಮನೆಗಳಿಗೆ ಅದೂ ಪ್ರಯೋಜನಕ್ಕೆ ಬರಲಿಲ್ಲ. ಅವರ ಹೊಸತೊಡಕು ಮಂಗಳವಾರಕ್ಕೆ ಹೋಯಿತು, ಮಂಗಳವಾರ ಮತ್ತೆ ಕಪ್ಪು.

ಇದು ತಮಾಷೆಯ ವಿಷಯವಾಗಿ ಉಳಿಯುವುದು ಸ್ವಂತ ಹೊಲ ಉಳುವವರಿಗೆ. ಚಿಕ್ಕರಸಿನಕೆರೆ ಹೋಬಳಿಯ ಹಳ್ಳಿಗಳಿಂದ ಈಗ ಹೊತ್ತು ಮೂಡುವ ಮುಂಚೆಯೇ ಹೊರಡುವವರಿದ್ದಾರೆ. ಕೆಲವರು ಮದ್ದೂರು, ಗೆಜ್ಜಲಗೆರೆಯ ಕಡೆಗೆ, ಕೆಲವರು ರೈಲು ಹಿಡಿದು ಬಿಡದಿ, ಬೆಂಗಳೂರಿನ ಕಡೆಗೆ. ಅವರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಬಹಳ. ಹೊಸತೊಡಕಿಗೆ ಮನೆಯಲ್ಲಿರಬೇಕೆಂದರೆ ಅವರ ಮುಂದೆ ಇರುವುದು ಮೂರೇ ದಾರಿ. ಗಳಿಸಿಟ್ಟ ರಜೆಯಲ್ಲಿ ಒಂದನ್ನು ಕಳೆದುಕೊಳ್ಳಬೇಕು, ಇಲ್ಲವೇ ಆ ದಿನದ ಸಂಬಳ ಬಿಡಬೇಕು, ಇಲ್ಲವೇ ಮುಂದಿನ ಭಾನುವಾರ ದುಡಿದು ತೀರಿಸಬೇಕು. ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಊರೆಲ್ಲ ಸೇರಿ ಆಚರಿಸುವ ಒಂದು ದಿನದ ವೆಚ್ಚ ಯಾರ ಲೆಕ್ಕಕ್ಕೆ ಬೀಳಬೇಕು? ದುಡಿಸಿಕೊಳ್ಳುವವನ ಲೆಕ್ಕಕ್ಕೋ, ದುಡಿಯುವವಳ ಲೆಕ್ಕಕ್ಕೋ?

ಕಾನೂನು ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿದೆ, ಆ ಅರ್ಧವಾದರೂ ನಮಗೆ ಸರಿಯಾಗಿ ಗೊತ್ತಿರಬೇಕು. ನಾವು ಮಾತಿನಲ್ಲಿ ಎಲ್ಲವನ್ನೂ 'ರಜೆ' ಅನ್ನುತ್ತೇವೆ. ಕಾನೂನಿಗೆ ಅವು ಬೇರೆ ಬೇರೆ ಜಾತಿಯ ದಿನಗಳು. ಒಂದು, ಕೆಲಸಗಾರ ದುಡಿದು ಗಳಿಸಿದ ರಜೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳಸಹಿತ ರಜೆ ಸಿಗುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ 240 ದಿನವನ್ನು 180ಕ್ಕೆ ಇಳಿಸಿದೆ. ಇಪ್ಪತ್ತಕ್ಕೆ ಒಂದು ಎಂಬ ಲೆಕ್ಕ ಹಾಗೇ ಇದೆ. ಇನ್ನೊಂದು, ಎಲ್ಲರಿಗೂ ಒಟ್ಟಿಗೆ ಬರುವ ರಾಷ್ಟ್ರೀಯ ಮತ್ತು ಹಬ್ಬದ ರಜೆ. ಇದಕ್ಕೆ ನಮ್ಮ ರಾಜ್ಯದಲ್ಲಿ 1963ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ ಕಡ್ಡಾಯ. ಇವುಗಳ ಜೊತೆಗೆ ಐದು ಹಬ್ಬದ ದಿನಗಳು. ಒಟ್ಟು ಹತ್ತು. ಇವೆರಡೂ ಅಲ್ಲದೆ ವಾರದ ರಜೆ ಬೇರೆ.

ಈ ಮೂರನ್ನೂ ಬೇರೆಯಾಗಿಯೇ ಇಡಬೇಕೆಂಬುದು ಕಾನೂನಿನ ಸ್ಪಷ್ಟ ಮಾತು. ಗಳಿಸಿದ ರಜೆಯ ನಡುವೆಯಾಗಲಿ, ಅದರ ಆಚೀಚಿನ ತುದಿಯಲ್ಲಾಗಲಿ ಬರುವ ಹಬ್ಬ, ಭಾನುವಾರಗಳನ್ನು ರಜೆಯ ಲೆಕ್ಕಕ್ಕೆ ಸೇರಿಸಕೂಡದು ಎಂದು ಹಳೆಯ ಕಾಯ್ದೆಯೂ ಹೇಳಿತ್ತು, ಹೊಸ ಸಂಹಿತೆಯೂ ಹೇಳುತ್ತದೆ. ಒಬ್ಬಾಕೆ ಆರು ದಿನ ಊರಿಗೆ ಹೋಗಿ ಬಂದಳು, ಆ ಆರರಲ್ಲಿ ಒಂದು ಪಟ್ಟಿಯಲ್ಲಿರುವ ಹಬ್ಬ, ಒಂದು ಭಾನುವಾರ ಎಂದಿಟ್ಟುಕೊಳ್ಳಿ. ಅವಳ ಖಾತೆಯಿಂದ ಕಳೆಯಬೇಕಾದ್ದು ನಾಲ್ಕು. ಆರನ್ನೂ ಕಳೆದರೆ ಹೋದದ್ದು ಎರಡು ದಿನ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಒಂದೊಂದು ದಿನದ ರಜೆಯ ಹಿಂದೆಯೂ ಇಪ್ಪತ್ತು ದಿನದ ದುಡಿತವಿದೆ. ಹೊಲಿಗೆ ಯಂತ್ರದ ಮುಂದೆ ನಲವತ್ತು ದಿನ ಕೂತು ಗಳಿಸಿದ್ದು ಆ ಎರಡು ಅಂಕಿಗಳಲ್ಲಿ ಹೋಯಿತು. ಹಾಜರಿ ಪುಸ್ತಕದಲ್ಲಿ ಅದು ಕಳವಿನ ಹಾಗೆ ಕಾಣುವುದೂ ಇಲ್ಲ, ಬರೀ ಕಳೆಯುವ ಲೆಕ್ಕದ ಹಾಗೆ ಕಾಣುತ್ತದೆ. ಇಂಥ ಲೆಕ್ಕವನ್ನು ನೋಡಿ ಸಹಿ ಮಾಡಿದವರನ್ನು ನಾನು ಬಲ್ಲೆ. ಅವರಿಗೆ ಕೇಳಲು ಧೈರ್ಯವಿಲ್ಲದೆ ಅಲ್ಲ, ಕೇಳಬಹುದು ಎಂಬುದೇ ಗೊತ್ತಿರಲಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1970ರ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ. ಸಾರ್ವಜನಿಕ ರಜೆಗಳನ್ನಷ್ಟೇ ಅಲ್ಲ, ರೂಢಿಯ ರಜೆಗಳನ್ನೂ ವಾರ್ಷಿಕ ರಜೆಯಲ್ಲಿ ಎಣಿಸಬಾರದು ಎಂದು. 'ರೂಢಿಯ' ಎಂಬ ಆ ಒಂದು ಮಾತು ನೋಡಿದಾಗ ನನಗೆ ಹೊಸತೊಡಕು ನೆನಪಾಗುತ್ತದೆ. ಸರ್ಕಾರ ಬರೆದುಕೊಳ್ಳದ, ಆದರೆ ಊರು ಮರೆಯದ ದಿನಗಳಿಗೂ ಒಂದು ನ್ಯಾಯವಿದೆ ಎಂದು ಆ ಮಾತು ಒಪ್ಪಿಕೊಂಡಿದೆ.

ಆದರೆ ಈ ಬೇಲಿ ಯಾಕೆ ಬೇಕು? ದಿನ ಅಂದರೆ ದಿನವೇ ತಾನೇ? ಒಟ್ಟು ಇಷ್ಟು ದಿನ ಬಿಡುವು ಎಂದು ಕೊಟ್ಟುಬಿಟ್ಟರೆ, ಯಾರಿಗೆ ಯಾವಾಗ ಬೇಕೋ ಆವಾಗ ತೆಗೆದುಕೊಳ್ಳಲಿ ಎಂದರೆ ಆಗದೇ? ಕೆಲವು ಹೊಸ ಕಂಪನಿಗಳು ಹಾಗೆ ಮಾಡುತ್ತವೆ ಕೂಡ. ಕೇಳುವುದಕ್ಕೆ ಇದು ಉದಾರವಾಗಿಯೇ ಇದೆ. ನಮ್ಮ ಸರ್ಕಾರವೇ 2019ರಲ್ಲಿ ಇಂಥದೊಂದು ವಿನಿಮಯ ಮಾಡಿತು. ನೌಕರರಿಗೆ ತಿಂಗಳ ನಾಲ್ಕನೆಯ ಶನಿವಾರ ರಜೆ ಕೊಟ್ಟು, ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಐದು ಕೊಟ್ಟು ಹನ್ನೆರಡು ಪಡೆದರಲ್ಲ, ಲಾಭವೇ ಎಂದು ಹೇಳಬಹುದು. ಆದರೆ ಕೊಟ್ಟದ್ದೂ ಪಡೆದದ್ದೂ ಒಂದೇ ಪದಾರ್ಥವಲ್ಲ. ಮಗುವಿಗೆ ಜ್ವರ ಬಂದ ಮಂಗಳವಾರಕ್ಕೆ ನಾಲ್ಕನೆಯ ಶನಿವಾರ ಆಗಿಬರುವುದಿಲ್ಲ. ಹಾಗೆಯೇ ಸಾಂದರ್ಭಿಕ ರಜೆ ಎಷ್ಟಿದ್ದರೂ, ಇಡೀ ಕಚೇರಿ ಒಟ್ಟಿಗೆ ಬಾಗಿಲು ಹಾಕುವ ದಿನದ ನೆಮ್ಮದಿ ಅದರಲ್ಲಿಲ್ಲ. ನಾನು ಒಬ್ಬನೇ ರಜೆ ಹಾಕಿದ ದಿನ ನನ್ನ ಮೇಜಿನ ಮೇಲೆ ಕಡತ ಬೆಳೆಯುತ್ತಿರುತ್ತದೆ, ಫೋನು ಬರುತ್ತಲೇ ಇರುತ್ತದೆ. ಎಲ್ಲರಿಗೂ ರಜೆ ಇದ್ದ ದಿನ ಕೇಳುವವರೂ ರಜೆಯಲ್ಲಿರುತ್ತಾರೆ.

ಗಳಿಸಿದ ರಜೆಯ ಗುಣ, ಅದು ನನ್ನದು ಎಂಬುದು. ಯಾವಾಗ, ಯಾಕೆ ಎಂಬುದನ್ನು ಆದಷ್ಟೂ ನಾನೇ ಆರಿಸಿಕೊಳ್ಳಬೇಕು. ಹಬ್ಬದ ರಜೆಯ ಗುಣ ಅದಕ್ಕೆ ವಿರುದ್ಧ, ಅದು ನನ್ನೊಬ್ಬನದಲ್ಲ. ಹೊಸತೊಡಕಿನ ದಿನ ಮಾತ್ರವೇ ಅಕ್ಕ, ತಂಗಿ, ಭಾವಮೈದುನ ಎಲ್ಲ ಒಂದೇ ಜಗುಲಿಯ ಮೇಲೆ ಸಿಗುತ್ತಾರೆ. ಹಬ್ಬದ ದಿನ ಕೆಲಸಕ್ಕೆ ಕರೆದು ಬದಲಿ ರಜೆ ಕೊಡುತ್ತೇವೆ ಎಂದ ಮೇಲ್ವಿಚಾರಕರಿಗೆ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಕೊಟ್ಟ ಉತ್ತರವನ್ನು ಕೇಳಿದ್ದೇನೆ: "ಮುಂದಿನ್ ವಾರ ರಜ ಕೊಟ್ರೆ ಮುಂದಿನ್ ವಾರ ನಮ್ಮಕ್ಕ ಬಂದಾಳಾ ಸಾರ್?" ಗಂಟೆಗಳನ್ನು ವಾಪಸು ಕೊಡಬಹುದು. ಆ ಗಂಟೆಗಳಲ್ಲಿ ಒಟ್ಟಿಗಿರುತ್ತಿದ್ದ ಜನರನ್ನು ವಾಪಸು ಕೊಡುವುದು ಯಾವ ಮಾಲೀಕನ ಕೈಯಲ್ಲೂ ಇಲ್ಲ. ತಾನು ವಾಪಸು ಕೊಡಲಾಗದ್ದನ್ನು ತೆಗೆದುಕೊಳ್ಳುವಾಗ ಮನುಷ್ಯ ಹೆಚ್ಚು ಎಚ್ಚರದಿಂದಿರಬೇಕು. ಹಬ್ಬದ ರಜೆಯ ವಿಷಯದಲ್ಲಿ ಮಾಲೀಕನ ಹೊಣೆ ಸಂಬಳದ ಹೊಣೆಗಿಂತ ದೊಡ್ಡದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಈ ವಿಚಾರ ಹೊರಗಿನಿಂದ ಬಂದದ್ದೇನೂ ಅಲ್ಲ. ಚಿಕ್ಕರಸಿನಕೆರೆ ಎಂದರೆ ನಮ್ಮ ಸೀಮೆಯಲ್ಲಿ ಕಾಲಭೈರವೇಶ್ವರನ ಬಸಪ್ಪ. ದೇವರ ಹೆಸರಿಗೆ ಬಿಟ್ಟ ಆ ಬಸವನ ಮುಂದೆ ದೊಡ್ಡವರೂ ತಲೆ ಬಾಗುತ್ತಾರೆ. ಬಸಪ್ಪನನ್ನು ಪೂಜಿಸುವ ಈ ಸೀಮೆಯ ಬಹಳಷ್ಟು ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಸೋಮವಾರ ಅದು ಎತ್ತಲ್ಲ, ಬಸವ. ಈ ಕಟ್ಟಳೆಯನ್ನು ನಾನು ಒಂದು ಕಾರ್ಮಿಕ ಕಾಯ್ದೆಯ ಹಾಗೆ ಓದಿ ನೋಡಿದ್ದೇನೆ. ವಾರಕ್ಕೊಂದು ದಿನ ಕಡ್ಡಾಯ ಬಿಡುವು. ಊರಿನ ಎಲ್ಲ ಎತ್ತುಗಳಿಗೂ ಒಂದೇ ದಿನ. ಆ ದಿನ ಮೇವು ಕಡಿಮೆ ಮಾಡುವಂತಿಲ್ಲ. ಮೋಡ ಕಟ್ಟಿ ಬಿತ್ತನೆಗೆ ಹದ ಬಂದಿದೆ ಎಂದು ಒಬ್ಬ ಸೋಮವಾರ ಆರು ಕಟ್ಟಿದರೆ ಊರವರೇ ಕೇಳುತ್ತಿದ್ದರು. ಎತ್ತು ಅರ್ಜಿ ಹಾಕಬೇಕಿರಲಿಲ್ಲ. ಬಿಡುವಿನ ದಿನದ ಹುಲ್ಲನ್ನು ಯಾವ ರೈತನೂ ಮಂಗಳವಾರದ ಹುಲ್ಲಿನಲ್ಲಿ ಮುರಿದುಕೊಂಡದ್ದನ್ನು ನಾನು ಕೇಳಿಲ್ಲ.

ಆದರೆ ಅದೇ ಊರಿನ ಜೀತಗಾರನಿಗೆ ಸೋಮವಾರ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. ಎತ್ತಿಗೆ ಬಿಡುವು ಸಿಕ್ಕ ದಿನ ಅವನು ಕೊಟ್ಟಿಗೆ ಬಾಚುತ್ತಿದ್ದ, ಸೌದೆ ಒಡೆಯುತ್ತಿದ್ದ. ಯುಗಾದಿಯಿಂದ ಯುಗಾದಿಗೆ ವರ್ಷ ಎಣಿಸುತ್ತಿದ್ದ ಆತನ ಪಾಲಿಗೆ ಹಬ್ಬ ಎಂದರೆ ಒಂದು ಜೊತೆ ಬಟ್ಟೆ, ಒಂದು ಹೊತ್ತಿನ ಊಟ. ಅದೂ ಹಕ್ಕಲ್ಲ, ಒಡೆಯನ ಮನಸ್ಸು. ಎತ್ತಿನಲ್ಲಿ ದೇವರನ್ನು ಕಂಡ ಊರು ಆಳಿನಲ್ಲಿ ಕಾಣಲಿಲ್ಲ. ಹಳೆಯ ಕಾಲದ ಕರುಣೆಯನ್ನು ಹೊಗಳುವಾಗ ನಾಲಿಗೆ ಇಲ್ಲಿ ತಡೆಯಬೇಕು. ಕರುಣೆಗೆ ಬಿಟ್ಟ ರಜೆ ಯಾರನ್ನು ಮುಟ್ಟುತ್ತದೆ, ಯಾರನ್ನು ಮುಟ್ಟುವುದಿಲ್ಲ ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಕಾನೂನು ಬೇಕಾದದ್ದು ಅದಕ್ಕೇ.

ಆ ಕಾನೂನು ಬಂದ ದಾರಿಯೂ ಉದ್ದವಾದದ್ದು. 1881ರ ಮೊದಲ ಕಾರ್ಖಾನೆ ಕಾಯ್ದೆ ತಿಂಗಳಿಗೆ ನಾಲ್ಕು ದಿನ ಬಿಡುವು ಕೊಟ್ಟದ್ದು ದುಡಿಯುವ ಮಕ್ಕಳಿಗೆ ಮಾತ್ರ. ಮುಂಬಯಿಯ ಗಿರಣಿ ಕೆಲಸಗಾರರನ್ನು ಸಂಘಟಿಸಿದ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ 1890ರಲ್ಲಿ ಅಲ್ಲಿನ ಗಿರಣಿಗಳಿಗೆ ಭಾನುವಾರದ ರಜೆ ಬಂತು. ಮರುವರ್ಷದ ಕಾಯ್ದೆಗೆ ವಾರದ ರಜೆ ಸೇರಿತು. ಮೇ ದಿನವನ್ನು ಈ ದೇಶದಲ್ಲಿ ಮೊದಲು ಆಚರಿಸಿದ್ದು 1923ರಲ್ಲಿ, ಮದರಾಸಿನಲ್ಲಿ, ಸಿಂಗಾರವೇಲರು. ಬಿಡುವಿನ ದಿನಕ್ಕೆ ಸಂಬಳವೂ ಸಿಗಬೇಕು ಎಂಬ ಮಾತು ಕಾರ್ಖಾನೆ ಕಾಯ್ದೆಗೆ ಬಂದದ್ದು 1945ರ ತಿದ್ದುಪಡಿಯಲ್ಲಿ. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು ಬಾಬಾಸಾಹೇಬ್ ಅಂಬೇಡ್ಕರ್. ಎತ್ತಿಗಿದ್ದ ಸೋಮವಾರದ ಮೇವು ಆಳಿಗೂ ಸಲ್ಲಬೇಕು ಎಂಬ ಮಾತು ಶಾಸನವಾಗುವ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಅವರಿದ್ದರು ಎಂಬುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಅಂಬೇಡ್ಕರ್ ಜಯಂತಿ ಸರ್ಕಾರಿ ರಜಾಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ ಹೆಚ್ಚುಕಡಿಮೆ ಇಪ್ಪತ್ತು ದಿನಗಳಿರುತ್ತವೆ, ಕ್ಯಾಲೆಂಡರ್ ಮುದ್ರಿಸುವವರು ಕೆಂಪು ಹಚ್ಚುವುದು ಅದನ್ನು ನೋಡಿಯೇ. ಆದರೆ ಕಾರ್ಖಾನೆಯವರಿಗೆ ಅನ್ವಯಿಸುವುದು ಹತ್ತು ದಿನದ ಪಟ್ಟಿ. ಅದರ ಐದು ಕಡ್ಡಾಯ ದಿನಗಳಲ್ಲಿ ಏಪ್ರಿಲ್ 14 ಇಲ್ಲ. ಸಂಸ್ಥೆಯ ಐದು ಹಬ್ಬಗಳಲ್ಲಿ ಅದು ಸೇರದಿದ್ದರೆ, ಸಂಬಳಸಹಿತ ರಜೆಯ ಕಾನೂನು ತಂದವರ ಹುಟ್ಟುಹಬ್ಬದ ದಿನ ಮೇಷ್ಟರ ಮನೆಯಲ್ಲಿ ರಜೆ, ಗಾರ್ಮೆಂಟ್ಸ್‌ನವಳ ಮನೆಯಲ್ಲಿ ಪಾಳಿ. ಒಂದೇ ಗೋಡೆಯ ಮೇಲಿನ ಒಂದೇ ಕ್ಯಾಲೆಂಡರು, ಅದನ್ನು ನೋಡುವ ಇಬ್ಬರಿಗೆ ಎರಡು ವರ್ಷಗಳನ್ನು ತೋರಿಸುತ್ತದೆ. ಆಗಸ್ಟ್ 15ರ ವಿಷಯದಲ್ಲಾದರೂ ಹಾಗಿಲ್ಲವಲ್ಲ ಎಂಬುದು ಸಮಾಧಾನ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮೀರಿ ಬಾವುಟ ಹಾರಿಸಿದ ಶಿವಪುರ ಇರುವುದು ಮದ್ದೂರಿನಲ್ಲೇ. ಆ ಬಾವುಟದ ದಿನದಂದು ಮದ್ದೂರಿನ ಕೆಲಸಗಾರಳಿಗೆ ಬಿಡುವು ಸಿಗಲೇಬೇಕಾದ ಒಂದು ಹಳೆಯ ಲೆಕ್ಕವಿದೆ.

ರಜೆಯ ದಿನವೂ ದುಡಿಯಲೇಬೇಕಾದವರ ಕಥೆ ಬೇರೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಕೆ.ಎಂ.ದೊಡ್ಡಿಯ ಸಕ್ಕರೆ ಕಾರ್ಖಾನೆಯಾಗಲಿ, ಮಂಡ್ಯದ ಮೈಷುಗರ್ ಆಗಲಿ ಹಬ್ಬ ಬಂತೆಂದು ಗಾಣ ನಿಲ್ಲಿಸಲಾಗದು. ಕಡಿದ ಕಬ್ಬು ಕಾದಷ್ಟೂ ಸಿಹಿ ಇಳಿಯುತ್ತದೆ. ಹಾಲಿನ ಡೇರಿ, ಆಸ್ಪತ್ರೆ, ಬಸ್ಸು, ಪೊಲೀಸ್ ಠಾಣೆ ಇವೂ ಹಾಗೇ. ನಾವು ಹಬ್ಬಕ್ಕೆ ಊರಿಗೆ ಬರುವುದೇ ಯಾರೋ ಒಬ್ಬ ಚಾಲಕ ತನ್ನ ಊರಿಗೆ ಹೋಗದೆ ಉಳಿದುದರಿಂದ. ಹಬ್ಬದ ದಿನ ದುಡಿಸಿಕೊಂಡರೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಬೇರೊಂದು ದಿನ ಸಂಬಳಸಹಿತ ರಜೆ ಕೊಡಬೇಕು ಎಂದು 1963ರ ಕಾಯ್ದೆ ಹೇಳುತ್ತದೆ. ಎರಡರಷ್ಟು ಕೊಟ್ಟ ಮೇಲೆ ಋಣ ತೀರಿತೇ? ಮಗಳ ಶಾಲೆಯ ಶುಲ್ಕ ಕಟ್ಟಬೇಕಾದವಳು ಎರಡರಷ್ಟು ಕೂಲಿಯನ್ನೇ ಆರಿಸಿಕೊಂಡರೆ ಅದನ್ನು ತಪ್ಪು ಎನ್ನಲು ನಾನು ಯಾರು? ಆದರೆ ಆರಿಸಿಕೊಂಡದ್ದು ಅವಳೇ ಆಗಿರಬೇಕು. ಬರದಿದ್ದರೆ ಮುಂದಿನ ತಿಂಗಳು ಬೇರೆ ಲೈನಿಗೆ ಹಾಕುತ್ತೇವೆ ಎಂಬ ಮಾತು ಗಾಳಿಯಲ್ಲಿರುವಾಗ 'ನಾನೇ ಒಪ್ಪಿ ಬಂದೆ' ಎಂಬ ಸಹಿಗೆ ಹೆಚ್ಚು ಬೆಲೆಯಿಲ್ಲ. ಜೊತೆಗೆ, ಹಬ್ಬದ ಪಾಳಿ ಸರದಿಯ ಮೇಲೆ ಬರಬೇಕು. ಈ ಯುಗಾದಿ ದುಡಿದವನಿಗೆ ಮುಂದಿನ ಯುಗಾದಿ ಬಿಡುವು. ಪ್ರತಿ ವರ್ಷವೂ ಅದೇ ಬಡಪಾಯಿ, ಅದೇ ಹೊಸಬ, ಅದೇ ಗುತ್ತಿಗೆಯವನು ಹಬ್ಬದ ದಿನ ಕಾವಲಿಗೆ ಉಳಿದರೆ ಎರಡರಷ್ಟು ಕೂಲಿಯೂ ಅನ್ಯಾಯವನ್ನು ಮುಚ್ಚಲಾರದು.

ಮಂಡ್ಯದವರಿಗೆ ಇನ್ನೊಂದು ಬಗೆಯ ರಜೆಯೂ ಗೊತ್ತು, ಬಂದ್. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ 26ರಂದು ಬೆಂಗಳೂರು, 29ರಂದು ಇಡೀ ಕರ್ನಾಟಕ ಬಾಗಿಲು ಹಾಕಿತು. ಬಂದ್ ಯಾವ ರಜಾಪಟ್ಟಿಯಲ್ಲೂ ಇಲ್ಲ. ಬಸ್ಸಿಲ್ಲದೆ ಕೆಲಸಕ್ಕೆ ಹೋಗಲಾಗದ ದಿನವನ್ನು ಮುಂದಿನ ಭಾನುವಾರ ದುಡಿದು ತೀರಿಸಬೇಕೆಂಬುದು ಹಲವು ಕಡೆ ಇರುವ ರೂಢಿ. ವಾರದ ರಜೆಯನ್ನು ಮುಂಚಿತವಾಗಿ ತಿಳಿಸಿ ಹಿಂದುಮುಂದಿನ ಮೂರು ದಿನದೊಳಗೆ ಬದಲಿಸಲು 1948ರ ಕಾಯ್ದೆ ಅವಕಾಶ ಕೊಟ್ಟಿತ್ತು, ಒಂದು ಇಡೀ ದಿನದ ಬಿಡುವಿಲ್ಲದೆ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಸಬಾರದು ಎಂಬ ಮಿತಿಯೊಂದಿಗೆ. ಹಾಗಾಗಿ ಬದಲಿಯೇ ತಪ್ಪೆನ್ನಲಾರೆ. ಆದರೆ ಕಾವೇರಿ ನೀರು ಜಿಲ್ಲೆಗೆಲ್ಲ ಬೇಕು, ಅದಕ್ಕಾಗಿ ನಿಂತ ದಿನದ ಬೆಲೆಯನ್ನು ಮಾತ್ರ ಭಾನುವಾರದ ನಿದ್ದೆ ಬಿಟ್ಟು ತೆರಬೇಕಾದವಳು ಕೂಲಿಯವಳೊಬ್ಬಳೇ ಎಂದಾಗ, ಎಲ್ಲರಿಗೂ ಸೇರಿದ ಕಾರ್ಯದ ಭಾರ ಎಷ್ಟು ಸಲೀಸಾಗಿ ಕೆಳಗಿನ ಹೆಗಲಿಗೆ ಜಾರುತ್ತದೆ ಎಂಬುದು ಕಾಣುತ್ತದೆ.

ಮಾಲೀಕರ ಮಾತನ್ನೂ ಕೇಳಬೇಕು. ಮಾಲೀಕ ಎಂದ ಕೂಡಲೇ ದೊಡ್ಡ ಕಂಪನಿಯೇ ಕಣ್ಣಿಗೆ ಬರಬೇಕಿಲ್ಲ. ನಮ್ಮಲ್ಲಿ ಆಲೆಮನೆ ನಡೆಸುವವರಿದ್ದಾರೆ, ಎಂಟು ಹತ್ತು ಜನರನ್ನು ಇಟ್ಟುಕೊಂಡು ಅಕ್ಕಿ ಗಿರಣಿ, ಹೋಟೆಲು ನಡೆಸುವವರಿದ್ದಾರೆ. ಬೆಲ್ಲದ ಧಾರಣೆ ಬಿದ್ದ ವರ್ಷ ಅವರ ಕೈಯಲ್ಲೂ ಉಳಿಯುವುದು ಕಡಿಮೆ. ಹಬ್ಬದ ಮುಂಚಿನ ವಾರವೇ ಬೆಲ್ಲಕ್ಕೆ ಗಿರಾಕಿ. "ನಾನೂ ಹಬ್ಬ ಮಾಡಿಲ್ಲ, ಇವರಿಗೆ ಎಲ್ಲಿಂದ ಕೊಡಲಿ?" ಎಂದು ಅಂಥವರು ಕೇಳಿದರೆ ಅದು ನೆಪ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. ಆದರೂ ಒಂದು ಮಾತು. ಹಬ್ಬ ಬರಗಾಲದ ಹಾಗೆ ಹೇಳದೆ ಕೇಳದೆ ಬರುವುದಿಲ್ಲ. ಮುಂದಿನ ಯುಗಾದಿ ಯಾವ ದಿನ ಎಂಬುದು ಪಂಚಾಂಗದಲ್ಲಿದೆ. ಕಬ್ಬಿನ ಸಾಗಣೆ, ಸೌದೆ, ಸುಣ್ಣ, ವಿದ್ಯುತ್ತು ಎಲ್ಲದರ ಖರ್ಚನ್ನು ಮುಂಚೆಯೇ ಲೆಕ್ಕ ಹಾಕುವವರು ಹಬ್ಬದ ಕೂಲಿಯನ್ನು ಮಾತ್ರ ಅನಿರೀಕ್ಷಿತ ನಷ್ಟ ಎಂದು ಬರೆದುಕೊಳ್ಳುವುದು ಸರಿಯಲ್ಲ. ಗಾಣದ ಯಂತ್ರಕ್ಕೆ ಎಣ್ಣೆ ಹಾಕುವುದು ಯಂತ್ರಕ್ಕೆ ಮಾಡುವ ಉಪಕಾರ ಎಂದು ಯಾರೂ ತಿಳಿಯುವುದಿಲ್ಲ.

ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರ ಪಾಡು ಇನ್ನೂ ಕಷ್ಟದ್ದು. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡವರು, ನಾಟಿಗೆ ಹೋಗುವ ಹೆಂಗಸರು, ಗಾರೆ ಕೆಲಸದವರು, ಪೇಟೆಯಲ್ಲಿ ಮನೆಗೆಲಸ ಮಾಡುವವರು. ಇವರಿಗೆ ರಜೆ ಎಂದರೆ ಕೂಲಿಯಿಲ್ಲದ ದಿನ. ನಮಗೆ ಕೆಂಪು ದಿನ ಹೆಚ್ಚಾದಷ್ಟೂ ಖುಷಿ, ಅವರಿಗೆ ಹೆಚ್ಚಾದಷ್ಟೂ ಒಲೆಯ ಚಿಂತೆ. ರಜೆಗಳು ಹೆಚ್ಚಾದವು, ಕಡಿಮೆ ಮಾಡಬೇಕು ಎಂಬ ಮಾತು ಆಗಾಗ ಕೇಳುತ್ತದೆ. 2022ರಲ್ಲಿ, ದಾದ್ರಾ ಮತ್ತು ನಗರ್ ಹವೇಲಿಯ ವಿಮೋಚನೆಯ ದಿನವಾದ ಆಗಸ್ಟ್ 2ಕ್ಕೆ ರಜೆ ಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು ತಳ್ಳಿಹಾಕುತ್ತ ಬಾಂಬೆ ಹೈಕೋರ್ಟು, ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ ಎಂದಿತು. ಯಾವ ದಿನ ಕೆಂಪಾಗಬೇಕು ಎಂಬುದು ಸರ್ಕಾರದ ನೀತಿಯ ವಿಷಯ ಎಂಬಷ್ಟರ ಮಟ್ಟಿಗೆ ಅದು ಸರಿಯಾದ ಮಾತೇ. ಆದರೆ ಕೆಂಪಾದ ಮೇಲೆ ಅದರ ಕೂಲಿ ಯಾರಿಗೆ ಸಲ್ಲಬೇಕು ಎಂಬುದು ನ್ಯಾಯದ ವಿಷಯ. ರಜೆ ಹೆಚ್ಚೋ ಕಡಿಮೆಯೋ ಎಂದು ವಾದಿಸುವವರೆಲ್ಲ ಸಾಮಾನ್ಯವಾಗಿ ತಿಂಗಳ ಸಂಬಳದವರು.

ದಿನಗೂಲಿಯವರಿಗೆ ಸಂಬಳಸಹಿತ ರಜೆ ಕೊಡುವುದು ಹೇಗೆ ಸಾಧ್ಯ ಎಂದು ಕೇಳುವವರಿಗೆ ತೋರಿಸಲು ನಮ್ಮ ಕಾನೂನಿನಲ್ಲೇ ಒಂದು ದಿನ ಇದೆ. ಅದು ಮತದಾನದ ದಿನ. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಲೋಕಸಭೆ, ವಿಧಾನಸಭೆಯ ಮತದಾನದ ದಿನ ಕೆಲಸಗಾರರಿಗೆ ರಜೆ ಕೊಡಬೇಕು, ಕೂಲಿ ಕಡಿಯಬಾರದು. ಸಾಮಾನ್ಯವಾಗಿ ರಜೆಯ ದಿನ ಕೂಲಿ ಸಿಗದವರಿಗೂ ಅವತ್ತು ಕೂಲಿ ಕೊಡಲೇಬೇಕು. ತಪ್ಪಿದ ಮಾಲೀಕನಿಗೆ ದಂಡ 500 ರೂಪಾಯಿಯವರೆಗೆ ಮಾತ್ರ, ಅದು ಬೇರೆ ಮಾತು. ವೋಟು ಹಾಕುವ ಐದು ನಿಮಿಷಕ್ಕೆ ಇಡೀ ದಿನದ ಕೂಲಿ ಕೊಡಬೇಕು ಎಂದು ನಾವು ಯಾಕೆ ಒಪ್ಪಿದೆವು? ಅದು ಎಲ್ಲರೂ ಸೇರಿ ಮಾಡುವ ಕೆಲಸ, ಬಡತನದ ಕಾರಣಕ್ಕೆ ಒಬ್ಬರೂ ಅದರಿಂದ ಹೊರಗುಳಿಯಬಾರದು ಎಂದು. ಈ ತರ್ಕವನ್ನು ವರ್ಷಕ್ಕೆ ಇನ್ನೊಂದೆರಡು ದಿನಕ್ಕೆ ಎಳೆದರೆ ದೇಶವೇನೂ ಮುಳುಗುವುದಿಲ್ಲ. ಗಣರಾಜ್ಯದ ದಿನದಿಂದ ಶುರು ಮಾಡಬಹುದು. ಗಣರಾಜ್ಯೋತ್ಸವದಂದು ಕೂಲಿ ಕಳೆದುಕೊಳ್ಳುವವಳಿಗೆ ಆ ಗಣದಲ್ಲಿ ತಾನೂ ಒಬ್ಬಳು ಎಂದು ನಂಬಿಸುವುದು ಕಷ್ಟ.

ಹೆಂಗಸರ ವಿಷಯಕ್ಕೆ ಬಂದರೆ ಈ ಲೆಕ್ಕ ಮನೆಯೊಳಕ್ಕೂ ಬರುತ್ತದೆ. ಹೊಸತೊಡಕಿಗೆ ರಜೆ ಸಿಕ್ಕ ಗಂಡಸು ಜಗುಲಿಯಲ್ಲಿ ಕೂರುತ್ತಾನೆ, ಎಲೆ ಅಡಿಕೆ ಹಾಕುತ್ತಾನೆ. ರಜೆ ಸಿಕ್ಕ ಹೆಂಗಸು ಬೆಳಗಿನ ಜಾವ ಎದ್ದು ಮಸಾಲೆ ಅರೆಯುತ್ತಾಳೆ, ಮುದ್ದೆ ತೊಳಸುತ್ತಾಳೆ, ಬಂದವರು ಹೋಗುವವರೆಗೂ ಬಡಿಸುತ್ತಾಳೆ. ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆಯಾದರೂ ಇತ್ತು. ಮಾಲೀಕನ ಹೊಣೆಯ ಬಗ್ಗೆ ಇಷ್ಟುದ್ದ ಬರೆಯುವ ನಾವು ಗಂಡಸರು ಹಬ್ಬದ ದಿನ ನಮ್ಮ ಮನೆಯಲ್ಲಿ ಯಾರು ಯಾರನ್ನು ದುಡಿಸಿಕೊಳ್ಳುತ್ತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿ ಎರಡರಷ್ಟು ಕೂಲಿಯೂ ಇಲ್ಲ, ಬದಲಿ ರಜೆಯೂ ಇಲ್ಲ. ಇರುವುದು ಒಂದೇ ಪರಿಹಾರ, ಕೆಲಸ ಹಂಚಿಕೊಳ್ಳುವುದು.

ಇಷ್ಟೆಲ್ಲ ಹೇಳಿದ ಮೇಲೆ ನಾನು ಕೇಳುವುದು ದೊಡ್ಡದೇನಲ್ಲ. ಹತ್ತು ರಜೆಗಳಲ್ಲಿ ಐದು ಹಬ್ಬದ ದಿನಗಳನ್ನು ಆಯಾ ಸಂಸ್ಥೆಗಳಲ್ಲಿ ಗೊತ್ತುಮಾಡಿಕೊಳ್ಳಲು ಕಾಯ್ದೆಯಲ್ಲಿ ಜಾಗವಿದೆ. ಸರ್ಕಾರ ಕೂಡ ಕೊಡಗಿನ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗಳಿಗೆ ಆ ಜಿಲ್ಲೆಯ ಮಟ್ಟಿಗೆ ರಜೆ ಕೊಡುತ್ತದೆ. ಒಂದು ಸೀಮೆಯ ಹಬ್ಬ ಆ ಸೀಮೆಯ ಕ್ಯಾಲೆಂಡರಿನಲ್ಲಿ ಕೆಂಪಾಗುವುದು ಹೊಸ ಸಂಗತಿಯಲ್ಲ. ಮದ್ದೂರಿನಲ್ಲಿ ನಡೆಯುವ ಕಾರ್ಖಾನೆ ಮದ್ದೂರಿನ ಜನರನ್ನು ಕೂರಿಸಿಕೊಂಡು ಹಬ್ಬದ ಪಟ್ಟಿ ಬರೆಯಲಿ. ದೂರದ ಕೇಂದ್ರ ಕಚೇರಿಯಿಂದ ಬಂದ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವುದನ್ನು ಕೇಳಿ ಬರೆದ ಪಟ್ಟಿ ಎನ್ನಲಾಗದು. ಅಲ್ಲಿನ ಹೆಂಗಸರು ಹೊಸತೊಡಕು ಬೇಕೆನ್ನಬಹುದು, ಇನ್ನು ಕೆಲವರು ಏಪ್ರಿಲ್ 14 ಬೇಕೆನ್ನಬಹುದು, ಬಕ್ರೀದ್ ಎನ್ನಬಹುದು, ಊರಹಬ್ಬ ಎನ್ನಬಹುದು. ಐದೇ ದಿನಕ್ಕೆ ಎಲ್ಲರನ್ನೂ ಹೊಂದಿಸುವುದು ಸುಲಭವಲ್ಲ, ಜಗಳವೂ ಆಗಬಹುದು. ಆದರೆ ಯಾರ ಹಬ್ಬ ಯಾರಿಗೆ ಎಷ್ಟು ಮುಖ್ಯ ಎಂಬುದನ್ನು ಒಂದೇ ಲೈನಿನಲ್ಲಿ ಕೂತು ಹೊಲಿಯುವವರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಒಂದು ವರ್ಷ ನಿಮ್ಮದು, ಮುಂದಿನ ವರ್ಷ ನಮ್ಮದು ಎಂಬ ಒಪ್ಪಂದಕ್ಕೂ ಅವರು ಬರಬಲ್ಲರು. ಒಂದೇ ನಾಲೆಯ ನೀರನ್ನು ಸರದಿಯ ಮೇಲೆ ಗದ್ದೆಗೆ ತಿರುಗಿಸಿಕೊಂಡು ಬಂದ ಮನೆಗಳ ಮಕ್ಕಳು ಅವರು.